ಉಪಗ್ರಹಕ್ಕೆ ಕಾಣುವುದು ನೆಲದ ಸಿಪ್ಪೆ ಮಾತ್ರ

ಇಮೇಜಿಂಗ್ ಸ್ಪೆಕ್ಟ್ರೋಮೀಟರುಗಳು ಆಕಾಶದಿಂದ ಕಳುಹಿಸುವ ದತ್ತಾಂಶವನ್ನು ಸಂಸ್ಕರಿಸಿ ಖನಿಜಗಳ ನಕಾಶೆ ಸಿದ್ಧಪಡಿಸುವುದು ನನ್ನ ವೃತ್ತಿ. ನಕಾಶೆಯನ್ನು ಮೇಜಿನ ಮೇಲೆ ಹರಡಿದ ಐದು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇದು ಎಷ್ಟು ಅಡಿ ಆಳದಲ್ಲಿದೆ?" ಅದಿರು ಹುಡುಕುವವರೂ ಇದನ್ನೇ ಕೇಳುತ್ತಾರೆ, ಮಣ್ಣಿನ ಗುಣ ತಿಳಿಯಬೇಕೆಂದು ಬಂದವರೂ ಇದನ್ನೇ ಕೇಳುತ್ತಾರೆ. ಉತ್ತರವನ್ನು ವರದಿಯ ಮೊದಲ ಪುಟದಲ್ಲಿಯೇ ದಪ್ಪಕ್ಷರಗಳಲ್ಲಿ ಮುದ್ರಿಸಿಯೂ ನೋಡಿದ್ದೇನೆ; ಪ್ರಶ್ನೆ ನಿಂತಿಲ್ಲ. ಆದ್ದರಿಂದ ಈ ಬಾರಿ ಉಳಿದುದೆಲ್ಲವನ್ನೂ ಬದಿಗಿಟ್ಟು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಇಮೇಜಿಂಗ್ ಸ್ಪೆಕ್ಟ್ರೋಮೀಟರು ನೆಲಕ್ಕೆ ತಾನಾಗಿ ಏನನ್ನೂ ಕಳುಹಿಸುವುದಿಲ್ಲ. ಸೂರ್ಯನ ಬೆಳಕು ನೆಲವನ್ನು ಮುಟ್ಟಿ, ಒಂದಷ್ಟು ಹೀರಲ್ಪಟ್ಟು, ಉಳಿದದ್ದು ಮೇಲಕ್ಕೆ ಮರಳುವಾಗ, ಅದನ್ನು ಸುಮಾರು 400ರಿಂದ 2500 ನ್ಯಾನೋಮೀಟರುಗಳ ತರಂಗಾಂತರದವರೆಗೆ ಇನ್ನೂರಕ್ಕೂ ಹೆಚ್ಚು ಕಿರಿದಾದ ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಯಲ್ಲಿ ಎಷ್ಟು ಬೆಳಕು ಉಳಿದಿದೆ ಎಂದು ಅಳೆಯುತ್ತದೆ. ಕೆಯೊಲಿನೈಟ್ ಜೇಡಿ 2200 ನ್ಯಾನೋಮೀಟರ್ ಬಳಿ ಬೆಳಕನ್ನು ಹೀರುವುದರಿಂದ, ಈ ಅಳತೆಗಳನ್ನು ಸೇರಿಸಿ ಎಳೆದ ರೇಖೆ, ಅಂದರೆ ರೋಹಿತ, ಅಲ್ಲಿ ತಗ್ಗುತ್ತದೆ. ಸುಣ್ಣಕಲ್ಲಿನ ಕ್ಯಾಲ್ಸೈಟ್‌ನ ತಗ್ಗು 2340ರ ಆಸುಪಾಸಿನಲ್ಲಿದೆ. ಆ ತಗ್ಗು ಮೂಡಬೇಕಾದರೆ ಬೆಳಕು ಖನಿಜದ ಕಣದೊಳಕ್ಕೆ ಹೊಕ್ಕು ಹೊರಬರಬೇಕು. ಎಷ್ಟು ದೂರ ಹೊಗುತ್ತದೆ? ಒಣಗಿದ, ನುಣುಪಾದ, ತಿಳಿಬಣ್ಣದ ಮಣ್ಣಿನಲ್ಲಿ ಹೆಚ್ಚೆಂದರೆ ಕೆಲವು ಮಿಲಿಮೀಟರ್. ಕಬ್ಬಿಣದ ಅಂಶ ಹೆಚ್ಚಿರುವ ಕಪ್ಪು ಕಲ್ಲಿನಲ್ಲಿ ಕೂದಲೆಳೆಯ ದಪ್ಪದಷ್ಟೂ ಹೋಗದಿರಬಹುದು. ಅದರ ಕೆಳಗೆ ಚಿನ್ನವಿದ್ದರೂ, ನೀರಿದ್ದರೂ, ಬರಿಯ ಬಂಡೆಯಿದ್ದರೂ ಆ ಬೆಳಕಿಗೆ ಅದರ ಸುದ್ದಿಯೇ ತಿಳಿಯದು. ಬಣ್ಣ ಬಳಿದ ಗೋಡೆಯಿಂದ ಮರಳಿ ಬಂದ ಬೆಳಕು ಬಣ್ಣದ ಬಗ್ಗೆ ಹೇಳುತ್ತದೆಯೇ ಹೊರತು ಒಳಗಿನ ಇಟ್ಟಿಗೆಯ ಬಗ್ಗೆ ಹೇಳುವುದಿಲ್ಲ.

ಈ ತಪ್ಪು ಕಲ್ಪನೆಗೆ ಒಂದು ಮೂಲವಿದೆಯೆಂದು ನನ್ನ ಊಹೆ. 1981ರ ನವೆಂಬರಿನಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಹಾರಿದ ರೇಡಾರ್ ಒಂದು, ಸಹಾರಾದ ಪೂರ್ವಭಾಗದಲ್ಲಿ ಮರಳಿನಡಿ ಹೂತುಹೋಗಿದ್ದ ಹಳೆಯ ನದಿಪಾತ್ರಗಳನ್ನು ತೋರಿಸಿತು. ಅದು ನಿಜ. ಆದರೆ ಅದು ರೇಡಾರ್, ತಾನೇ ರೇಡಿಯೋ ತರಂಗಗಳನ್ನು ಕಳುಹಿಸಿ ಹಿಂದಿರುಗಿದ್ದನ್ನು ಅಳೆಯುವಂತಹದು. ಅದರ ತರಂಗಾಂತರ 20 ಸೆಂಟಿಮೀಟರಿಗೂ ಹೆಚ್ಚು, ಆ ಮರಳೋ ತೇವದ ಸುಳಿವೇ ಇಲ್ಲದಂತಹದು; ಅದಕ್ಕೇ ತರಂಗ ಒಳಕ್ಕೆ ಇಳಿಯಿತು. ನಾವು ಅಳೆಯುವ ಬೆಳಕಿನ ತರಂಗಾಂತರ ಅದರ ಲಕ್ಷದಲ್ಲಿ ಒಂದು ಪಾಲಿನಷ್ಟು. ಎರಡನ್ನೂ "ಉಪಗ್ರಹ ಚಿತ್ರ" ಎಂದು ಒಂದೇ ಹೆಸರಿನಿಂದ ಕರೆದರೆ ಗೊಂದಲವಾಗದೆ ಇರುತ್ತದೆಯೇ?

ಮಾತಿನಲ್ಲಿ ಒಪ್ಪದವರಿಗೆ ನಾನು ಒಂದು ಕಲ್ಲನ್ನು ತೋರಿಸುತ್ತೇನೆ. ಮುಷ್ಟಿಗಾತ್ರದ ಆ ಕಲ್ಲಿನ ಹೊರಮೈ ಬಿಸಿಲು ಮಳೆಗಳಿಗೆ ಸವೆದು ಕಂದುಬಣ್ಣಕ್ಕೆ ತಿರುಗಿದೆ. ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಮೀಟರನ್ನು ಮೊದಲು ಬಿಳಿಯ ಫಲಕಕ್ಕೆ ಹಿಡಿದು ಸರಿಹೊಂದಿಸಿ, ಬಳಿಕ ಈ ಹೊರಮೈಗೆ ಹಿಡಿದರೆ, 900 ನ್ಯಾನೋಮೀಟರಿನ ಸುತ್ತ ಅಗಲವಾದ ತಗ್ಗು ಕಾಣುತ್ತದೆ: ಕಬ್ಬಿಣದ ತುಕ್ಕು, ಅಂದರೆ ಗೋಥೈಟ್. ಅದೇ ಕಲ್ಲನ್ನು ಸುತ್ತಿಗೆಯಿಂದ ಒಡೆದ ಕಡೆ ಒಳಗಿನ ಮೈ ಬೆಳ್ಳಗಿದೆ. ಅಲ್ಲಿಗೆ ಹಿಡಿದರೆ 2200ರ ಬಳಿ ಚೂಪಾದ ತಗ್ಗು. ಎರಡು ಅಳತೆಗಳ ನಡುವಿನ ಅಂತರ ಉಗುರಿನ ದಪ್ಪವನ್ನೂ ಮೀರದು. ಉಪಕರಣ ಎರಡು ಸಲವೂ ಸತ್ಯವನ್ನೇ ಹೇಳಿತು, ಆದರೆ ತನಗೆ ಕಂಡಷ್ಟರ ಸತ್ಯವನ್ನು.

ಈ ವ್ಯತ್ಯಾಸವನ್ನು ಕಡೆಗಣಿಸಿದ್ದರಿಂದ ಆದ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಮಾಡಿಕೊಟ್ಟ ನಕಾಶೆಯಲ್ಲಿ ಗುಡ್ಡವೊಂದರ ತಪ್ಪಲಿನ ಉದ್ದಕ್ಕೂ ಕೆಯೊಲಿನೈಟ್ ಎಂದು ಬಣ್ಣ ಹಚ್ಚಿತ್ತು. ಅದನ್ನು ನೆಚ್ಚಿದವರೊಬ್ಬರು, ಸ್ಥಳವನ್ನು ನೋಡಿ ಬರೋಣವೆಂಬ ನನ್ನ ಸಲಹೆಗೆ ಕಾಯದೆ, ಯಂತ್ರ ತರಿಸಿ ಗುಂಡಿ ತೋಡಿಸಿದರು. ಮೇಲೆ ಬೆರಳುದ್ದವೂ ಇರದ ಬಿಳಿ ಜೇಡಿಯ ಪದರ. ಅದರಡಿ ಆಳದವರೆಗೂ ಬರಿಯ ಗರಸು ಮಣ್ಣು. ಮಳೆನೀರು ಗುಡ್ಡದ ನೆತ್ತಿಯಿಂದ ಜೇಡಿಯನ್ನು ತೊಳೆದು ತಂದು ತಪ್ಪಲಿನಲ್ಲಿ ಹಾಸಿತ್ತು. ನಕಾಶೆ ತಪ್ಪಾಗಿರಲಿಲ್ಲ. ಅವರ ಮುಖ ನೋಡಿದಾಗ ನನಗೂ ಸಂಕಟವಾಯಿತು, ಏಕೆಂದರೆ ಆ ಎಚ್ಚರಿಕೆಯನ್ನು ನಾನು ಇನ್ನಷ್ಟು ಒತ್ತಿ ಹೇಳಬಹುದಿತ್ತು.

ಹಾಗೆಂದು ಮೇಲ್ಮೈಯಿಂದ ಆಳದ ಬಗ್ಗೆ ಏನೂ ತಿಳಿಯದೆಂದಲ್ಲ. ಅಮೆರಿಕದ ನೆವಾಡಾದಲ್ಲಿರುವ ಕ್ಯೂಪ್ರೈಟ್ ಎಂಬ ಬೋಳು ಮರುಭೂಮಿ ನಮ್ಮ ವೃತ್ತಿಯವರೆಲ್ಲರಿಗೂ ಪಾಠಶಾಲೆಯಿದ್ದಂತೆ. ಹಿಂದೊಮ್ಮೆ ಬಿಸಿನೀರು ಬಂಡೆಗಳ ನಡುವೆ ಹರಿದು ಅಲುನೈಟ್, ಕೆಯೊಲಿನೈಟ್ ಮುಂತಾದ ಖನಿಜಗಳನ್ನು ಉಂಟುಮಾಡಿದ್ದು ಅಲ್ಲಿ ಬಯಲಿಗೆ ಬಿದ್ದಿದೆ. ವಿಮಾನದಲ್ಲಿ ಹಾರುವ ಏವಿರಿಸ್ ಎಂಬ ಇಮೇಜಿಂಗ್ ಸ್ಪೆಕ್ಟ್ರೋಮೀಟರು ಅವುಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸಿತು. ಇಂತಹ ಖನಿಜಗಳ ಜೋಡಣೆಯನ್ನು ಓದಿ, ಕೆಳಗೆ ಅದಿರು ಇರಬಹುದೆಂದು ಭೂವಿಜ್ಞಾನಿ ತರ್ಕಿಸುತ್ತಾರೆ. ಟನ್ನಿಗೆ ಕೆಲವೇ ಗ್ರಾಮ್ ಇರುವ ಚಿನ್ನ ರೋಹಿತದಲ್ಲಿ ಗುರುತು ಬಿಡುವುದಿಲ್ಲ. ಅದರ ಒಡನಾಡಿ ಖನಿಜಗಳು ಬಿಡುತ್ತವೆ. ಆ ತರ್ಕ ಭೂವಿಜ್ಞಾನಿಯದು, ಉಪಕರಣದ್ದಲ್ಲ.

ಸಿಪ್ಪೆಯನ್ನೇ ನೋಡಬೇಕಾದ ಕೆಲಸಗಳೂ ಇವೆ. 2022ರ ಜುಲೈಯಲ್ಲಿ ನಾಸಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದ ಎಮಿಟ್ ಎಂಬ ಇಂತಹದೇ ಉಪಕರಣದ ಮುಖ್ಯ ಉದ್ದೇಶ ಒಣಪ್ರದೇಶಗಳ ಧೂಳಿನ ಮೂಲವನ್ನು ಅರಿಯುವುದು. ಗಾಳಿ ಎಬ್ಬಿಸುವುದು ಮೇಲಿನ ಪದರವನ್ನೇ. ಅದರಲ್ಲಿ ಕಬ್ಬಿಣದ ಆಕ್ಸೈಡ್ ಹೆಚ್ಚಿದ್ದರೆ ಧೂಳು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಅಲ್ಲಿ ಆಳದ ಪ್ರಶ್ನೆಯೇ ಏಳುವುದಿಲ್ಲ. ಅದೇ ಉಪಕರಣ ಮೀಥೇನ್ ಸೋರಿಕೆಗಳನ್ನೂ ಹಿಡಿದಿದೆ, ಆದರೆ ಅನಿಲ ನೆಲದಿಂದ ಹೊರಬಂದು ಗಾಳಿಯಲ್ಲಿ ಹರಡಿದ ಮೇಲೆ. ಚಂದ್ರಯಾನ-1ರಲ್ಲಿದ್ದ ಎಂ-ಥ್ರೀ ಉಪಕರಣ ಚಂದ್ರನಲ್ಲಿ ನೀರಿನ ಅಂಶವನ್ನು ಗುರುತಿಸಿದೆಯೆಂದು 2009ರಲ್ಲಿ ಪ್ರಕಟವಾದಾಗಲೂ, ಕಂಡದ್ದು ಮೇಲಿನ ಕೆಲವೇ ಮಿಲಿಮೀಟರಿನಷ್ಟು ಪದರದ ಲಕ್ಷಣ.

ಈಗ ನಾನು ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಕೋರಿಕೆ ಮುಂದಿಡುತ್ತೇನೆ. ಸ್ಥಳದ ಹತ್ತು ಕಡೆಗಳಿಂದ ಎರಡೆರಡು ಚೀಲ ಮಣ್ಣು ತನ್ನಿ: ಒಂದು ಬ್ರಷ್ಷಿನಿಂದ ಮೇಲಷ್ಟೇ ಗುಡಿಸಿ ತೆಗೆದದ್ದು, ಇನ್ನೊಂದು ಮೊಣಕಾಲುದ್ದ ಅಗೆದು ತೆಗೆದದ್ದು. ಗುಂಡಿ ತೋಡಿಸಿದ್ದ ಆ ಮಹನೀಯರು ಮುಂದಿನ ವರ್ಷ ಇನ್ನೊಂದು ಜಾಗಕ್ಕಾಗಿ ಬಂದಾಗ, ನಾನು ಕೇಳುವ ಮೊದಲೇ ಇಪ್ಪತ್ತು ಚೀಲಗಳನ್ನು ಅಂಕಿ ಬರೆದು ತಂದಿದ್ದರು. ಏಳು ಕಡೆ ಮೇಲಿನ ಮಣ್ಣಿನ ರೇಖೆಯೂ ಕೆಳಗಿನದ್ದರ ರೇಖೆಯೂ ಹೊಂದಿದವು, ಮೂರು ಕಡೆ ಹೊಂದಲಿಲ್ಲ. ಆ ಮೂರನ್ನೂ ನಕಾಶೆಯ ಮೇಲೆ ಅವರೇ ಪೆನ್ಸಿಲಿನಿಂದ ಗೆರೆ ಹಾಕಿ ಬೇರೆ ಮಾಡಿದರು.