ಬಿಯರ್ಡೆಡ್ ಡ್ರ್ಯಾಗನ್ ಮರಿಯ ಬಾಲದ ತುದಿ ಕಪ್ಪಾಗುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಸಿಡ್ನಿಯಲ್ಲಿರುವ ನಮ್ಮ ಮನೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಸಾಕು ಸರೀಸೃಪದ ಮೂರು ತಿಂಗಳ ಮರಿಯೊಂದಿದೆ. ಪೊರೆ ಬಿಟ್ಟು ಹತ್ತು ದಿನಗಳಾದರೂ ಬಾಲದ ತುದಿಯ ಬಳಿ ಒಣ ಚರ್ಮ ಅಂಟಿಕೊಂಡೇ ಇದೆ, ಅದರಿಂದಾಚೆಗಿನ ಭಾಗ ಕಪ್ಪಾಗುತ್ತಿದೆ. ಊರಿನಿಂದ ಬಂದಿರುವ ಅತ್ತೆಯವರು ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಲು ಹೇಳುತ್ತಿದ್ದಾರೆ. ಹಲ್ಲಿಯ ಬಾಲದಂತೆ ಇದೂ ಬಿದ್ದರೆ ಮತ್ತೆ ಬೆಳೆಯುವುದಲ್ಲವೇ?

ಉತ್ತರ: ಬೆಳೆಯುವುದಿಲ್ಲ. ಗೋಡೆಯ ಹಲ್ಲಿ ಅಪಾಯ ಕಂಡಾಗ ತಾನಾಗಿ ಬಾಲ ಕಳಚಿ ಓಡುತ್ತದೆ, ಅದರ ಬಾಲದ ಮೂಳೆಗಳಲ್ಲಿ ಅದಕ್ಕೆಂದೇ ಮುರಿಯುವ ಜಾಗಗಳಿವೆ. ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗಿಂತ ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತಕ್ಕೆ ಹತ್ತಿರದ ನೆಂಟ. ಎರಡೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಇದಕ್ಕೆ ಬಾಲ ಕಳಚುವ ವಿದ್ಯೆ ತಿಳಿಯದು, ಹೋದ ಬಾಲ ಹೋದಂತೆಯೇ. ಆದ್ದರಿಂದ ತುದಿಯ ಕಪ್ಪನ್ನು ಕಂಡು ಕಾದು ಕೂರುವುದು ಸರಿಯಲ್ಲ.

ಎಲ್ಲ ಕಪ್ಪೂ ರೋಗವಲ್ಲ ಎಂಬುದನ್ನೂ ಹೇಳಬೇಕು. ಕೆಲವು ಮರಿಗಳ ಬಾಲದ ತುದಿ ಮೊದಲಿನಿಂದಲೇ ಗಾಢ ಬಣ್ಣದ್ದಾಗಿರುತ್ತದೆ. ಪೊರೆ ಬಿಡುವ ಮುನ್ನ ಚರ್ಮ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗುವುದೂ ಸಹಜ. ಸಹಜ ಬಣ್ಣದ ಬಾಲ ಮೃದುವಾಗಿ ಬಾಗುತ್ತದೆ, ಕಪ್ಪಿನ ಗಡಿ ವಾರಗಟ್ಟಲೆ ಇದ್ದಲ್ಲೇ ಇರುತ್ತದೆ. ಸಾಯುತ್ತಿರುವ ಬಾಲ ಒಣಗಿ, ಸುರುಟಿ, ಕಡ್ಡಿಯಂತೆ ಗಡುಸಾಗುತ್ತದೆ. ಕಪ್ಪಿನ ಗಡಿ ದಿನದಿಂದ ದಿನಕ್ಕೆ ಬುಡದ ಕಡೆಗೆ ಏರುತ್ತದೆ. ಗಡಿಯ ಮೇಲ್ಭಾಗ ಊದಿಕೊಳ್ಳುವುದೂ ಉಂಟು. ಪ್ರತಿದಿನ ಒಂದೇ ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿಯಿಟ್ಟು ಫೋಟೋ ತೆಗೆದರೆ ಈ ಚಲನೆ ಸ್ಪಷ್ಟವಾಗಿ ಕಾಣುತ್ತದೆ, ಮುಂದೆ ವೈದ್ಯರಿಗೂ ನೆರವಾಗುತ್ತದೆ.

ನಿಮ್ಮ ವಿವರಣೆಯಲ್ಲಿ ಕಪ್ಪು ಶುರುವಾಗುವುದು ಅಂಟಿದ ಪೊರೆಯ ಆಚೆಯಿಂದ, ಹಾಗಾಗಿ ನನ್ನ ಮೊದಲ ಅನುಮಾನ ಆ ಪೊರೆಯ ಮೇಲೆಯೇ. ಬೆಳೆಯುವ ಮರಿ ಕೆಲವು ವಾರಗಳಿಗೊಮ್ಮೆ ಪೊರೆ ಬಿಡುತ್ತದೆ. ಹಾವಿನಂತೆ ಇಡಿಯಾಗಿ ಅಲ್ಲ, ತುಂಡುತುಂಡಾಗಿ. ಬೆರಳುಗಳಲ್ಲಿ ಮತ್ತು ಬಾಲದ ತುದಿಯಲ್ಲಿ ಉಳಿದ ಚೂರು ಒಣಗುತ್ತಾ ಕುಗ್ಗಿ, ಬೆರಳಿಗೆ ಬಿಗಿದ ಉಂಗುರದಂತೆ ರಕ್ತದ ಓಟವನ್ನು ತಡೆಯುತ್ತದೆ. ಮುಂದಿನ ಪೊರೆಯೂ ಅಲ್ಲೇ ಸಿಕ್ಕಿಕೊಂಡರೆ ಉಂಗುರದ ಮೇಲೆ ಉಂಗುರ ಕೂಡಿ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ.

ಅಗಲವಾದ ತಟ್ಟೆಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನ ಉಗುರುಬೆಚ್ಚಗಿನ ನೀರನ್ನು ಮರಿಯ ಮೊಣಕೈ ಮುಟ್ಟುವಷ್ಟು ಹಾಕಿ, ಎದುರಿಗೇ ಕುಳಿತು, ಹತ್ತು ಹದಿನೈದು ನಿಮಿಷ ಬಾಲ ನೆನೆಯಲು ಬಿಡಿ. ಬಳಿಕ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಬುಡದಿಂದ ತುದಿಯ ಕಡೆಗೆ ಹಗುರವಾಗಿ ಸವರಿ. ಬಂದಷ್ಟು ಬರಲಿ, ಉಳಿದದ್ದನ್ನು ನಾಳೆ ನೋಡಿ. ಒಣಗಿರುವಾಗ ಉಗುರಿನಿಂದ ಎಳೆದರೆ ಕೆಳಗಿನ ಹಸಿ ಚರ್ಮವೂ ಕಿತ್ತು ಬರುತ್ತದೆ, ಗಾಯಕ್ಕೆ ಸೋಂಕು ತಗಲುತ್ತದೆ. ಸ್ನಾನದ ನಂತರ ಒರೆಸಿ, ಬೆಚ್ಚಗಿನ ದೀಪದಡಿ ಬಿಡಿ. ಎರಡು ಮೂರು ದಿನ ಹೀಗೆ ಮಾಡಿದರೂ ಉಂಗುರ ಸಡಿಲವಾಗದಿದ್ದರೆ ಮನೆಯ ಪ್ರಯತ್ನ ಅಲ್ಲಿಗೆ ಸಾಕು.

ಅತ್ತೆಯವರ ಕಾಳಜಿ ದೊಡ್ಡದೇ, ಆದರೆ ಅರಿಶಿನ ಹಚ್ಚಬೇಡಿ ಎನ್ನುತ್ತೇನೆ. ನಾವು ಗಮನಿಸಬೇಕಾಗಿರುವುದೇ ಬಣ್ಣವನ್ನು, ಅರಿಶಿನ ಅದನ್ನೇ ಮುಚ್ಚುತ್ತದೆ. ಎಣ್ಣೆ ಕಸವನ್ನು ಹಿಡಿದು ಗಾಯಕ್ಕೆ ಮೆತ್ತುತ್ತದೆ. ಚರ್ಮ ಬಿರಿದಿದ್ದರೆ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ತೆಳುವಾಗಿಸಿ ಒರೆಸಬಹುದು. ಟೀ ಟ್ರೀ ಎಣ್ಣೆ, ನೋವು ಮರಗಟ್ಟಿಸುವ ಔಷಧ ಸೇರಿರುವ ಮನುಷ್ಯರ ಮುಲಾಮುಗಳು ಇಷ್ಟು ಪುಟ್ಟ ದೇಹಕ್ಕೆ ವಿಷವಾಗಬಲ್ಲವು.

ಪೊರೆಯಲ್ಲದ ಕಾರಣಗಳೂ ಇವೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಮರಿಗಳಿದ್ದರೆ ಒಂದು ಇನ್ನೊಂದರ ಬಾಲವನ್ನೋ ಬೆರಳನ್ನೋ ಕಚ್ಚುವುದು ತೀರಾ ಸಾಮಾನ್ಯ, ಅವು ಅಂಗಡಿಯಲ್ಲಿ ಎಷ್ಟೇ ಅನ್ಯೋನ್ಯವಾಗಿ ಒಂದರ ಮೇಲೊಂದು ಮಲಗಿದ್ದರೂ ಸರಿ. ತಿನ್ನಲು ಹಾಕಿದ ಕ್ರಿಕೆಟ್ ಹುಳುಗಳನ್ನು ರಾತ್ರಿಯಿಡೀ ಒಳಗೇ ಬಿಟ್ಟರೆ ಅವೇ ಮಲಗಿದ ಮರಿಯನ್ನು ಕಡಿಯುತ್ತವೆ. ನಾನು ಹೆಚ್ಚು ಅಂಜುವುದು ಶಿಲೀಂಧ್ರಕ್ಕೆ. ಚರ್ಮದ ಮೇಲೆ ಹಳದಿ ಅಥವಾ ಕಂದು ಬಣ್ಣದ ಹಕ್ಕಳೆ ಕಟ್ಟಿ, ಅದು ಬಿದ್ದಲ್ಲಿ ಹುಣ್ಣಾಗಿ, ಪೊರೆ ಬಿಟ್ಟರೂ ಮಾಯದೆ ಹರಡುತ್ತಿದ್ದರೆ ಅದು ನ್ಯಾನಿಜಿಯೋಪ್ಸಿಸ್ ಎಂಬ ಶಿಲೀಂಧ್ರವಿರಬಹುದು. ಸಾಕುವವರು ಇದನ್ನು ಯೆಲ್ಲೋ ಫಂಗಸ್ ಎನ್ನುತ್ತಾರೆ. ಇದು ಆಳಕ್ಕಿಳಿಯುವ, ಒಂದರಿಂದೊಂದಕ್ಕೆ ಅಂಟುವ ರೋಗ. ಚರ್ಮದ ತುಣುಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು, ಚಿಕಿತ್ಸೆಯೂ ತಿಂಗಳುಗಟ್ಟಲೆ ಬೇಡುತ್ತದೆ. ಅಂಥ ಅನುಮಾನವಿದ್ದರೆ ಮರಿಯನ್ನು ಬೇರೆ ಸರೀಸೃಪಗಳಿಂದ ದೂರವಿಡಿ, ಸ್ನಾನದಿಂದ ಗುಣವಾದೀತೆಂದು ಕಾಯಬೇಡಿ.

ಕಪ್ಪು ಮೇಲೇರುತ್ತಿದ್ದರೆ, ಊತ, ಕೀವು, ದುರ್ವಾಸನೆ ಇದ್ದರೆ, ಅಥವಾ ಮರಿ ತಿನ್ನುವುದನ್ನು ಬಿಟ್ಟರೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ತಡಮಾಡದೆ ಹೋಗಿ. ಸೋಂಕು ಮೂಳೆಗೆ ತಲುಪಿದೆಯೇ ಎಂದು ಅವರು ಎಕ್ಸ್‌ರೇಯಲ್ಲಿ ನೋಡುತ್ತಾರೆ, ಬೇಕಿದ್ದರೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡುತ್ತಾರೆ. ಸತ್ತ ಭಾಗಕ್ಕೆ ಜೀವ ಬರಿಸುವ ಔಷಧವಿಲ್ಲವಾದ್ದರಿಂದ, ಕೊಳೆತ ಏರುತ್ತಿದ್ದರೆ ಅರಿವಳಿಕೆ ಕೊಟ್ಟು ಆರೋಗ್ಯವಂತ ಭಾಗದವರೆಗೆ ಬಾಲವನ್ನು ಕತ್ತರಿಸಬೇಕಾಗುತ್ತದೆ. ಕೇಳಲು ಕ್ರೂರವೆನಿಸಿದರೂ ಮೋಟು ಬಾಲದ ಡ್ರ್ಯಾಗನ್‌ಗಳು ಆರಾಮವಾಗಿ ಬದುಕುತ್ತವೆ.

ಮನೆಯಲ್ಲಿ ನಿಮ್ಮ ಪಾಲಿನ ದೊಡ್ಡ ಕೆಲಸ ಶಾಖದ್ದು. ಆಸ್ಟ್ರೇಲಿಯದ ಒಣ ಒಳನಾಡಿನ ಈ ಪ್ರಾಣಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾಗದು. ಮೈ ತಣ್ಣಗಿದ್ದರೆ ಅದರ ರೋಗನಿರೋಧಕ ಶಕ್ತಿಯೂ ಮಂಕಾಗುತ್ತದೆ, ಕೊಟ್ಟ ಔಷಧವೂ ನೆಟ್ಟಗೆ ಕೆಲಸ ಮಾಡುವುದಿಲ್ಲ. ಮೈಕಾಯಿಸುವ ಜಾಗದಲ್ಲಿ ಸುಮಾರು 40 ಡಿಗ್ರಿ, ಇನ್ನೊಂದು ತುದಿಯಲ್ಲಿ 25ರಿಂದ 30 ಡಿಗ್ರಿ ಇದೆಯೇ ಎಂದು ಥರ್ಮಾಮೀಟರ್‌ನಿಂದ ಅಳೆಯಿರಿ, ಕೈಯಿಟ್ಟು ಅಂದಾಜಿಸಬೇಡಿ. ಸಿಡ್ನಿಯಂಥ ಕರಾವಳಿ ನಗರದಲ್ಲಿ ಹೊರಗಿನ ಗಾಳಿಯಲ್ಲೇ ತೇವ ಹೆಚ್ಚು, ಪೆಟ್ಟಿಗೆಯೊಳಗೆ ಅದು ಶೇಕಡಾ 30ರಿಂದ 40ರ ಆಸುಪಾಸಿನಲ್ಲಿರಲಿ. ಪೊರೆ ಸಡಿಲವಾಗಲೆಂದು ಇಡೀ ಪೆಟ್ಟಿಗೆಗೆ ನೀರು ಚಿಮುಕಿಸುವುದು ಶಿಲೀಂಧ್ರವನ್ನು ಕರೆದಂತೆ. ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಸೂಸುವ ದೀಪ) ಉರಿಯುತ್ತಿದ್ದರೂ ಅದರ ಕಿರಣ ಕಾಲಕ್ರಮೇಣ ಕ್ಷೀಣಿಸುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಮೈ ಉಜ್ಜಿಕೊಳ್ಳಲು ಒರಟು ಕಲ್ಲು, ಕೊಂಬೆ ಇರಲಿ. ಬಾಲ ಮಾಯುವವರೆಗೆ ಮರಳು ತೆಗೆದು ಬಿಳಿ ಪೇಪರ್ ಟವಲ್ ಹಾಸಿದರೆ ಗಾಯ ಶುಚಿಯಾಗಿರುತ್ತದೆ, ರಕ್ತವೋ ಕೀವೋ ಬಿದ್ದರೆ ಕೂಡಲೇ ಕಾಣುತ್ತದೆ.

ಸ್ನಾನದ ತಟ್ಟೆ, ಬ್ರಷ್ ಎರಡನ್ನೂ ಅದಕ್ಕೇ ಮೀಸಲಿಡಿ, ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಆರೋಗ್ಯವಾಗಿ ಕಾಣುವ ಡ್ರ್ಯಾಗನ್‌ನ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಮುಟ್ಟಿದವರೆಲ್ಲ ಸೋಪು ಹಚ್ಚಿ ಕೈ ತೊಳೆಯಬೇಕು. ಮನೆಯಲ್ಲಿ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಈ ಆರೈಕೆಯಿಂದ ಅವರನ್ನು ದೂರವಿಡುವುದು ಒಳ್ಳೆಯದು.