ಭತ್ತ–ಮೀನು ಬೇಸಾಯ: ಒಂದೇ ಗದ್ದೆಯ ಎರಡು ಲೆಕ್ಕ

ಭತ್ತಕ್ಕೆ ಕಟ್ಟಿದ ಗದ್ದೆಯಲ್ಲೇ ಮೀನನ್ನೂ ಬೆಳೆಸುವುದಕ್ಕೆ ಭತ್ತ–ಮೀನು ಬೇಸಾಯ ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಪೈರು ನಿಂತಿರುವಾಗಲೇ ಮೀನುಮರಿ ಬಿಡುವುದು ಒಂದು. ಅರುಣಾಚಲ ಪ್ರದೇಶದ ಜಿರೋ ಕಣಿವೆಯ ಅಪತಾನಿ ರೈತರು ಹೀಗೆ ಗೆಂಡೆ ಮೀನನ್ನು ಸಾಕುತ್ತಾರೆ, ಬದುವಿನ ಮೇಲೆ ರಾಗಿಯನ್ನೂ ಬೆಳೆಯುತ್ತಾರೆ. ಭತ್ತದ ಕೊಯ್ಲು ಮುಗಿದ ಮೇಲೆ ನೆಲವನ್ನು ಮೀನು–ಸಿಗಡಿಗೆ ಬಿಡುವುದು ಇನ್ನೊಂದು. ಕಡಲಿನ ಉಪ್ಪುನೀರು ಏರಿಬರುವ ಕೇರಳದ ಪೊಕ್ಕಾಳಿ ಮತ್ತು ಉತ್ತರ ಕನ್ನಡದ ಗಜನಿ ಗದ್ದೆಗಳು ಈ ಬಗೆಗೆ ಸೇರುತ್ತವೆ.

ಒಂದೇ ನೆಲ, ನೀರು ಮತ್ತು ದುಡಿಮೆಯಿಂದ ಎರಡು ಸರಕುಗಳನ್ನು ತೆಗೆಯುವುದು ಅವನ್ನು ಬೇರೆಬೇರೆಯಾಗಿ ತೆಗೆಯುವುದಕ್ಕಿಂತ ಅಗ್ಗವಾದಾಗ ಅದನ್ನು ಅರ್ಥಶಾಸ್ತ್ರದಲ್ಲಿ ವ್ಯಾಪ್ತಿಯ ಮಿತವ್ಯಯ ಎಂದು ಕರೆಯುತ್ತಾರೆ. ಮೀನು ಕಳೆ ಮತ್ತು ಹುಳಗಳನ್ನು ತಿನ್ನುತ್ತದೆ, ಮಣ್ಣನ್ನು ಕೆದಕುತ್ತದೆ, ಅದರ ಹಿಕ್ಕೆ ಪೈರಿಗೆ ಗೊಬ್ಬರವಾಗುತ್ತದೆ. ಹೀಗಾಗಿ ಮೀನು ಮಾರಿ ಬಂದ ಹಣದ ಜೊತೆಗೆ ಕಳೆ ಕೀಳುವ ಕೂಲಿ ಮತ್ತು ಔಷಧಿಯ ಖರ್ಚು ಉಳಿಯುವುದನ್ನೂ ಆದಾಯವೆಂದೇ ಬರೆದುಕೊಳ್ಳಬೇಕು. ಖರ್ಚಿನ ಕಡೆ ಮೀನುಮರಿಯ ಬೆಲೆ, ಎತ್ತರಿಸಿದ ಬದು, ತೂಬಿಗೆ ಬಲೆ, ಕಳ್ಳತನ ಮತ್ತು ಹಕ್ಕಿಗಳ ಕಾವಲು ಬರುತ್ತವೆ. ಇವೆಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವ ಖರ್ಚು ನೆಲದ್ದು. ನೀರು ಇಳಿದಾಗ ಮೀನಿಗೆ ಆಸರೆಯಾಗಲು ಎಕರೆಯ 40 ಗುಂಟೆಯಲ್ಲಿ 4 ಗುಂಟೆಯನ್ನು ಕಾಲುವೆ–ಹೊಂಡಕ್ಕೆ ಕೊಟ್ಟರೆ, ಅಷ್ಟು ಜಾಗದ ಭತ್ತವನ್ನು ಬಿಟ್ಟುಕೊಟ್ಟಂತೆ. ಹೊಂಡದಂಚಿನ ಪೈರು ಬೆಳಕು ಹೆಚ್ಚಾಗಿ ಸಿಕ್ಕು ಚೆನ್ನಾಗಿ ಬೆಳೆದು ಈ ನಷ್ಟದ ಒಂದು ಪಾಲನ್ನು ತುಂಬಬಹುದು. ಉಳಿದದ್ದನ್ನು ಮೀನೇ ತುಂಬಬೇಕು.

ಮೀನಿನ ಬೆಲೆ ಭತ್ತದ ಬೆಲೆಯನ್ನು ಬಹುವಾಗಿ ಮೀರಿದಾಗ ಹೊಂಡವನ್ನು ಹಿಗ್ಗಿಸುವ ಆಸೆ ಹುಟ್ಟುವುದು ಸಹಜ. ಇದನ್ನು ತಡೆಯಲು ಚೀನಾ 2017ರಲ್ಲಿ ಹೊರಡಿಸಿದ ಮಾನದಂಡದಲ್ಲಿ, ಕಾಲುವೆ–ಹೊಂಡಗಳು ಗದ್ದೆಯ ಶೇ. 10ನ್ನು ಮೀರಬಾರದೆಂದು ವಿಧಿಸಿತು. ನನ್ನ ದೃಷ್ಟಿಯಲ್ಲಿ ಈ ಪದ್ಧತಿಯ ನಿಜವಾದ ಕಗ್ಗಂಟು ಇದೇ: ಎರಡು ಬೆಳೆಗಳು ಪರಸ್ಪರ ನೆರವಾಗುತ್ತವೆ, ಆದರೆ ಮಾರುಕಟ್ಟೆ ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಗಜನಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಬದಿಯಲ್ಲಿ ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ, ಉಪ್ಪು ಮತ್ತು ನೆರೆ ಎರಡನ್ನೂ ತಾಳುವ ಎತ್ತರದ ಕಗ್ಗ ಭತ್ತವನ್ನು ಗೊಬ್ಬರ, ಔಷಧಿಗಳಿಲ್ಲದೆ ಬೆಳೆಯುವುದು ಅಲ್ಲಿನ ರೂಢಿ. ತೆನೆಯನ್ನು ಮೇಲಿನಿಂದ ಕೊಯ್ದ ಮೇಲೆ ಉಳಿದ ದಂಟು ನೀರಿನಲ್ಲಿ ಕೊಳೆಯುತ್ತದೆ, ಉಬ್ಬರದೊಂದಿಗೆ ಒಳಬಂದ ಸಿಗಡಿ, ಮೀನುಗಳಿಗೆ ಅದೇ ಮೇವು. ಇಲ್ಲಿ ಮರಿಯ ಖರ್ಚಿಲ್ಲ, ಮೇವಿನ ಖರ್ಚಿಲ್ಲ. ಮೇವನ್ನು ಒದಗಿಸಿದ್ದು ಭತ್ತ ಬೆಳೆದವನ ದುಡಿಮೆ. ಆದರೆ ಸಿಗಡಿ ಹಿಡಿಯುವ ಹಕ್ಕನ್ನು ಹರಾಜು ಹಾಕಿ ಒಂದೇ ಗಂಟಿನಲ್ಲಿ ಹಣ ಕೈಸೇರತೊಡಗಿದಾಗ, ಕೂಲಿ ಹುಟ್ಟದ ಕಗ್ಗವನ್ನು ಬಿತ್ತುವವರು ಕಡಿಮೆಯಾದರು. ಹರಾಜಿನ ಮೊತ್ತದಲ್ಲಿ ಆ ದಂಟಿನ ಬೆಲೆಯನ್ನು ಬೇರೆಯಾಗಿ ಯಾರೂ ಬರೆಯುವುದಿಲ್ಲ. ಬಿತ್ತದೆ ಬಿಟ್ಟ ವರ್ಷ ಮಾತ್ರ ನೀರಿನಲ್ಲಿ ಕೊಳೆಯಲು ದಂಟೇ ಇರುವುದಿಲ್ಲ.