ಟ್ಯಾಬ್‌ನ ಹೊಟ್ಟೆ ಉಬ್ಬುವುದೇಕೆ?

ಕವರ್ ಬಿಚ್ಚಿ, ಟ್ಯಾಬ್‌ನ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಗಾಜಿಗೂ ಚೌಕಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಬಿಟ್ಟಿದೆಯೇ? ಸ್ಕ್ರೀನಿನ ನಡುವೆ ಎಲ್ಲಾದರೂ ಬೆಳ್ಳಗಿನ ಮಚ್ಚೆ ಮೂಡಿದೆಯೇ? ಮೇಜಿನ ಮೇಲೆ ಅಂಗಾತ ಇಟ್ಟು ಮೂಲೆಯನ್ನು ಮೆಲ್ಲಗೆ ತಳ್ಳಿದರೆ ಬುಗುರಿಯಂತೆ ತಿರುಗುತ್ತದೆಯೇ? ಇವುಗಳಲ್ಲಿ ಒಂದು ಕಂಡರೂ ಬ್ಯಾಟರಿ ಉಬ್ಬಿದೆಯೆಂದು ಅನುಮಾನಿಸಲೇಬೇಕು.

ಫೋನು ದಿನವಿಡೀ ಜೇಬಿನಲ್ಲಿ ಓಡಾಡುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಟ್ಯಾಬ್ ಹಾಗಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕವೋ ಅಜ್ಜಿಯ ಮಂಚದ ತಲೆದೆಸೆಯೋ ಅದರ ಕಾಯಂ ಜಾಗ, ಬೆನ್ನಿಗೆ ಸದಾ ಚಾರ್ಜರ್. ನೂರಕ್ಕೆ ನೂರು ತುಂಬಿಕೊಂಡೇ ಕೂತಿರುವುದು ಲಿಥಿಯಂ ಅಯಾನ್ ಬ್ಯಾಟರಿಗೆ ಆಗಿಬರದ ಸಂಗತಿ. ಪೂರ್ತಿ ತುಂಬಿದ ಸೆಲ್‌ನ ವೋಲ್ಟೇಜು 4.2ರಿಂದ 4.4ರ ಆಸುಪಾಸಿನಲ್ಲಿರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರವ ಧನಧ್ರುವದ ಬಳಿ ನಿಧಾನವಾಗಿ ಒಡೆದು ಅನಿಲವಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಟ್ಯಾಬ್‌ನ ಸೆಲ್‌ಗೆ ಗಟ್ಟಿ ಡಬ್ಬಿ ಇಲ್ಲ, ತೆಳು ಅಲ್ಯೂಮಿನಿಯಂ ಹಾಳೆಯ ಚೀಲವಷ್ಟೇ. ಹಾಗಾಗಿ ಕೆಟ್ಟ ಹಾಲಿನ ಪ್ಯಾಕೆಟ್ಟಿನಂತೆ ಅದು ಉಬ್ಬುತ್ತದೆ, ಉಬ್ಬಿ ಸ್ಕ್ರೀನನ್ನು ಮೇಲಕ್ಕೆ ತಳ್ಳುತ್ತದೆ.

ಇದಕ್ಕೆ ಮದ್ದು ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವುದು. ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದು ಬ್ಯಾಟರಿ ವಿಭಾಗಕ್ಕೆ ಹೋದರೆ ‘ಬ್ಯಾಟರಿ ಪ್ರೊಟೆಕ್ಷನ್’ ಸಿಗುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಇದು 85ಕ್ಕೆ ನಿಲ್ಲುತ್ತದೆ, ಅದೂ ಸಾಕು. 2024ರಲ್ಲಿ ಬಂದ ಎಂ4 ಐಪ್ಯಾಡ್ ಪ್ರೊ ಮತ್ತು ಎಂ2 ಐಪ್ಯಾಡ್ ಏರ್‌ಗಳಲ್ಲಿ ಬ್ಯಾಟರಿ ಹೆಲ್ತ್ ಒಳಗೆ 80ರ ಮಿತಿ ಇದೆ. ಈ ಸೌಲಭ್ಯವೇ ಇಲ್ಲದ ಟ್ಯಾಬ್‌ಗೆ ಗೋಡೆಯ ಸಾಕೆಟ್ಟಿಗೆ ಹಾಕುವ ಟೈಮರ್ ಪ್ಲಗ್ ತನ್ನಿ. ಎಷ್ಟು ಹೊತ್ತಿಗೆ ಇಡಬೇಕು? ಲೆಕ್ಕ ಸುಲಭ. 8,000 ಎಂಎಎಚ್ ಅಂದರೆ 8 ಆಂಪಿಯರ್-ಅವರ್ ಬ್ಯಾಟರಿಯನ್ನು ಅದರ ಸರಾಸರಿ ವೋಲ್ಟೇಜಾದ 3.85ರಿಂದ ಗುಣಿಸಿದರೆ ಸುಮಾರು 31 ವ್ಯಾಟ್-ಅವರ್. 20ರಿಂದ 80ಕ್ಕೆ ಏರಲು ಅದರಲ್ಲಿ ನೂರಕ್ಕೆ 60 ಪಾಲು, ಅಂದರೆ ಹೆಚ್ಚುಕಡಿಮೆ 18.5. ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿ 22 ಎಂದಿಟ್ಟುಕೊಳ್ಳಿ. 15 ವ್ಯಾಟ್ ಚಾರ್ಜರ್ ಆದರೆ ಒಂದೂವರೆ ಗಂಟೆ. ಹಳೆಯ ಫೋನಿನ 5 ವ್ಯಾಟ್ ಚಾರ್ಜರ್ ಸಿಕ್ಕಿಸಿದರೆ ಅದೇ ಕೆಲಸಕ್ಕೆ ನಾಲ್ಕೂವರೆ ಗಂಟೆ ಬೇಕು. ‘ಟ್ಯಾಬ್ ಚಾರ್ಜೇ ಆಗೋದಿಲ್ಲ’ ಎನ್ನುವ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ.

ಬಿಸಿಯ ವಿಷಯದಲ್ಲಿ ನಮ್ಮ ಊರುಗಳು ಇನ್ನೂ ಕಠಿಣ. ಐಪ್ಯಾಡ್ ಬಳಸಲು ಆ್ಯಪಲ್ ಹೇಳುವ ಗರಿಷ್ಠ ಉಷ್ಣತೆ 35 ಡಿಗ್ರಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪಾದರಸ 40 ದಾಟುತ್ತದೆ. ಅಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕುವುದಕ್ಕಿಂತ ಬೆಳಗಿನ ಜಾವ ಹಾಕುವುದು ಮೇಲು. ದಪ್ಪ ರಬ್ಬರ್ ಕವರಿದ್ದರೆ ಚಾರ್ಜ್ ಆಗುವಾಗ ಬಿಚ್ಚಿಡಿ. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಬೇಡವೇ ಬೇಡ.

ಈಗಾಗಲೇ ಉಬ್ಬಿದ್ದರೆ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ, ಅದುಮಿ ಕೂರಿಸಲು ಹೋಗಬೇಡಿ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು. ಕಲ್ಲು ಅಥವಾ ಟೈಲ್ಸ್ ನೆಲದ ಮೇಲಿಟ್ಟು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಬಿಚ್ಚಿದ ಬ್ಯಾಟರಿಯನ್ನು ಒಣಕಸಕ್ಕೆ ಹಾಕುವಂತಿಲ್ಲ. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.

ಕೇಬಲ್ಲಿನಲ್ಲಿ ಉಳಿತಾಯ ಮಾಡಬಾರದು. ಒಂದು ತುದಿ ಹಳೆಯ ಅಗಲ ಯುಎಸ್‌ಬಿ (ಟೈಪ್-ಎ), ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್ ಒಳಗೆ 56 ಕಿಲೋಓಮ್‌ನ ಪುಟ್ಟ ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಬಿಡಿಭಾಗ) ಇರಬೇಕು. ‘ಆಚೆ ಇರುವುದು ಸಾಮಾನ್ಯ ಚಾರ್ಜರ್, ಹೆಚ್ಚು ಎಳೆಯಬೇಡ’ ಎಂದು ಟ್ಯಾಬ್‌ಗೆ ತಿಳಿಸುವುದು ಅದೇ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಅಲ್ಲಿ 10 ಕಿಲೋಓಮ್ ಕೂರಿಸಿಬಿಡುತ್ತಾರೆ. ಟ್ಯಾಬ್ 3 ಆಂಪಿಯರ್ ಇದೆಯೆಂದು ನಂಬಿ ಎಳೆಯುತ್ತದೆ, ಬಡ ಚಾರ್ಜರ್ ಕಾದು ಕೆಂಡವಾಗುತ್ತದೆ. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಲ್ಲಿ ಇಂಥ ಕೇಬಲ್ಲುಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸಲು ಹೊರಟರು. ಮರುವರ್ಷ ತಂತಿಗಳನ್ನೇ ಅದಲುಬದಲು ಜೋಡಿಸಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಸುಟ್ಟಿತು. ಎರಡೂ ತುದಿ ಟೈಪ್-ಸಿ ಇರುವ, 60 ವ್ಯಾಟ್ ಎಂದು ನಮೂದಿಸಿದ ಒಳ್ಳೆಯ ಕೇಬಲ್ ಸಾಮಾನ್ಯ ಟ್ಯಾಬ್‌ಗೆ ಧಾರಾಳ.

ಇನ್ನೊಂದು ಕಾಯಿಲೆಯನ್ನು ಇಲ್ಲೇ ಹೇಳಬೇಕು, ಇದರಿಂದ ಸಾವಿರಾರು ರೂಪಾಯಿ ಉಳಿಯಬಹುದು. ಮುಟ್ಟದಿದ್ದರೂ ಆ್ಯಪ್‌ಗಳು ತೆರೆದುಕೊಳ್ಳುವುದು, ಟೈಪ್ ಮಾಡಿದರೆ ಪಕ್ಕದ ಅಕ್ಷರ ಬೀಳುವುದು: ಸ್ಕ್ರೀನ್ ಹೋಯಿತೆಂದು ಅಂಗಡಿಗೆ ಓಡುವ ಮುನ್ನ ಚಾರ್ಜರ್ ಕಿತ್ತು ನೋಡಿ. ಬೆರಳು ಹತ್ತಿರ ತಂದಾಗ ವಿದ್ಯುತ್ ಧಾರಕತೆಯಲ್ಲಿ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಗುಣದಲ್ಲಿ, ಆಗುವ ಅತಿ ಸಣ್ಣ ಏರುಪೇರನ್ನು ಅಳೆದೇ ಸ್ಕ್ರೀನು ಸ್ಪರ್ಶವನ್ನು ಗುರುತಿಸುವುದು. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ ಅದರೊಳಗೆ ಬೆರೆತರೆ ಎಲ್ಲೆಲ್ಲೋ ಬೆರಳು ಬಿದ್ದಂತೆ ತೋರುತ್ತದೆ. ಚಾರ್ಜರ್ ತೆಗೆದೊಡನೆ ಸರಿಹೋದರೆ ಬದಲಿಸಬೇಕಾದದ್ದು ಚಾರ್ಜರನ್ನು, ಸ್ಕ್ರೀನನ್ನಲ್ಲ.

ಟೆಂಪರ್ಡ್ ಗ್ಲಾಸಿನ ಡಬ್ಬದ ಮೇಲಿನ ‘9ಎಚ್’ ಅನ್ನು ವಜ್ರದ ಹತ್ತಿರದ ಗಟ್ಟಿತನವೆಂದು ಓದಬೇಡಿ. ಅದು ಪೆನ್ಸಿಲ್ ಮೊನೆಯಿಂದ ಗೀರಿ ನೋಡುವ ಅಳತೆ, ಖನಿಜಗಳ ಗಟ್ಟಿತನ ಹೇಳುವ ಮೋಸ್ (Mohs) ಅಳತೆಯಲ್ಲ. ಮೋಸ್ ಪ್ರಕಾರ ಗಾಜು 5.5ರಿಂದ 6, ರಸ್ತೆಯ ಮರಳಿನಲ್ಲಿರುವ ಕ್ವಾರ್ಟ್ಜ್ 7. ಆದ್ದರಿಂದ ಧೂಳು ಕೂತ ಸ್ಕ್ರೀನನ್ನು ಅಂಗಿಯ ಚುಂಗಿನಿಂದ ಉಜ್ಜಿದರೆ ಗೀರು ಖಂಡಿತ. ಮೊದಲು ಧೂಳನ್ನು ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ನೀರು ಚಿಮುಕಿಸಿ ಒರೆಸಿ. ನೀರನ್ನು ಬಟ್ಟೆಗೆ ಹಾಕಬೇಕು, ಸ್ಕ್ರೀನಿಗಲ್ಲ. ಅಮೋನಿಯಾ ಇರುವ ಕಿಟಕಿ ಒರೆಸುವ ದ್ರವ ಬೇಡ. ಬೆರಳಿನ ಜಿಡ್ಡು ಅಂಟದಂತೆ ಬಳಿದಿರುವ ತೆಳು ಲೇಪವನ್ನು ಅದು ಸವೆಸುತ್ತದೆ.

ಪೆನ್ ಕೊಳ್ಳುವಾಗ ಟ್ಯಾಬ್‌ನ ಮಾದರಿ ಸಂಖ್ಯೆ ಹಿಡಿದುಕೊಂಡೇ ಹೋಗಿ. ಸ್ಯಾಮ್‌ಸಂಗ್‌ನ ಎಸ್ ಪೆನ್ ಬರೆಯಲು ಬೇಕಾದ ಶಕ್ತಿಯನ್ನು ಸ್ಕ್ರೀನಿನಿಂದಲೇ ಪಡೆಯುತ್ತದೆ, ಆ್ಯಪಲ್ ಪೆನ್ಸಿಲ್ಲಿಗೆ ತನ್ನದೇ ಬ್ಯಾಟರಿ. ಒಂದರ ಪೆನ್ ಇನ್ನೊಂದರಲ್ಲಿ ಬರೆಯದು.

ಆ್ಯಪ್‌ಗಳು ನೂರಿವೆ, ಕನ್ನಡದ ಮನೆಯ ಟ್ಯಾಬ್‌ಗೆ ನಿಜಕ್ಕೂ ಒದಗುವುದು ಕೆಲವೇ. ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್ ಹಾಕಿ ಕನ್ನಡ ಸೇರಿಸಿದರೆ ಕೀಲಿಮಣೆಯ ಜೊತೆ ಮೈಕ್ ಗುಂಡಿಯೂ ಬರುತ್ತದೆ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. ಟೈಪಿಂಗ್ ಒಗ್ಗದ ಹಿರಿಯರಿಗೆ ಇದು ದೊಡ್ಡ ಉಪಕಾರ. ಕಿವಿಕ್ಸ್ ಆ್ಯಪ್‌ನಲ್ಲಿ ಕನ್ನಡ ವಿಕಿಪೀಡಿಯವನ್ನೇ ಇಳಿಸಿಕೊಂಡರೆ ನೆಟ್‌ವರ್ಕ್ ಸಿಗದ ಮಲೆನಾಡಿನ ಮನೆಯಲ್ಲೂ ಮಕ್ಕಳು ಓದಬಹುದು. ಮಗುವಿನ ಕೈಗೆ ಕೊಡುವ ಮುನ್ನ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್, ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಆನ್ ಮಾಡಿ, ಬಿಡಿಸಲು ಪಿನ್ ಕೇಳುವಂತೆಯೂ ಇಡಿ, ಆಗ ಆ ಒಂದು ಆ್ಯಪ್ ಬಿಟ್ಟು ಮಗು ಹೊರಬರಲಾಗದು.

ಕಚೇರಿಯಿಂದಲೋ ಡಿಟಿಪಿ ಅಂಗಡಿಯಿಂದಲೋ ಬಂದ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳು ಟ್ಯಾಬ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದುಂಟು. ಕಡತ ಕೆಟ್ಟಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ರೂಢಿಗೆ ಬರುವ ಮುಂಚಿನ ಆ ಫಾಂಟುಗಳು ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು, ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿ ಇಂಗ್ಲಿಷೇ ಕಾಣುತ್ತದೆ. ಪಠ್ಯವನ್ನು ಈ ಹಳೆಯ ಪದ್ಧತಿಯಿಂದ (ಇದನ್ನು ಆಸ್ಕಿ ಎನ್ನುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರಜಾಲದಲ್ಲಿವೆ. ಬರೀ ಓದುವುದಕ್ಕಾದರೆ ಕಳಿಸಿದವರಿಂದ ಪಿಡಿಎಫ್ ಕೇಳಿ, ಫಾಂಟ್ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ.

ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಟ್ಯಾಬನ್ನು ಬೀರುವಿಗೆ ಸೇರಿಸುವ ಮನೆಗಳೂ ಇವೆ. ಆಗ ಅರ್ಧ ಚಾರ್ಜ್ ಇಟ್ಟು, ಪೂರ್ತಿ ಆಫ್ ಮಾಡಿ ಇಡಬೇಕು. ಖಾಲಿ ಮಾಡಿ ಇಟ್ಟರೆ ವೋಲ್ಟೇಜು ತೀರಾ ಕುಸಿದು ಒಳಗಿನ ರಕ್ಷಣಾ ಸರ್ಕ್ಯೂಟು ಬ್ಯಾಟರಿಯನ್ನೇ ಕಡಿದುಬಿಡಬಹುದು. ಹೊರತೆಗೆದ ದಿನ ಚಾರ್ಜರ್ ಸಿಕ್ಕಿಸಿ ಗುಂಡಿ ಒತ್ತಿದರೂ ಜೀವವೇ ಕಾಣದಿದ್ದರೆ ಗಾಬರಿ ಬೇಡ. ಸೆಲ್ ತೀರಾ ಇಳಿದಿರುವಾಗ ಚಾರ್ಜಿಂಗ್ ಚಿಪ್ ಮೊದಲು ತೊಟ್ಟು ತೊಟ್ಟಾಗಿಯೇ ತುಂಬುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ಒತ್ತಿ ನೋಡಿ.